ಯಮನೂರಪ್ಪ ಮೇಸ್ತ್ರಿ ಲ್ಯಾಪ್‌ಟಾಪ್ ಕೆಡವಿ ಕಟ್ಟಿದ್ದು

ಗೋವಾದ ಕೆಪೆಯಲ್ಲಿ ಯಾರ ಮನೆಗೆ ಹೋದರೂ ಯಮನೂರಪ್ಪ ಮೇಸ್ತ್ರಿ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಗೋಡೆಯನ್ನು. ಒಂದು ಕಣ್ಣು ಮುಚ್ಚಿ, ತುಸು ಬಾಗಿ, ಗೋಡೆಯ ಅಂಚಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಇದನ್ನ ಕಟ್ಟಿದಾಂವ ಯಾರ್ರೀ?" ಎಂದು ಕೇಳುತ್ತಾನೆ. ಕಟ್ಟಿದವನು ಬದುಕಿದ್ದರೆ ಅವನ ಕಿವಿ ಬಿಸಿಯಾಗುತ್ತದೆ, ಸತ್ತಿದ್ದರೆ ಆತ್ಮಕ್ಕೆ ಶಾಂತಿ ತಪ್ಪುತ್ತದೆ.

ಮುದ್ದೇಬಿಹಾಳದ ಕಡೆಯಿಂದ ಹರೆಯದಲ್ಲೇ ಮೊಲೆಂ ಘಾಟು ಇಳಿದು ಬಂದವನು. ಮೊದಲು ಸಿಮೆಂಟು ಹೊತ್ತ. ಆಮೇಲೆ ಕೆಂಪುಕಲ್ಲು ಜೋಡಿಸಿದ. ಆಮೇಲೆ ಜೋಡಿಸುವವರ ಮೇಲೆ ರೇಗುವ ಹಂತಕ್ಕೆ ಏರಿದ. ಮೇಸ್ತ್ರಿಗಿರಿ ಎಂದರೆ ಕಡೆಗೂ ಅದೇ ತಾನೆ. ಏರಿದ ಮೇಲೆ ಅವನಿಗೊಂದು ಸಿದ್ಧಾಂತವೂ ಹುಟ್ಟಿಕೊಂಡಿತು: "ತ್ಯಾಪಿ ಹಚ್ಚೂದು ಹೇಡಿ ಕೆಲಸ. ಕೆಡವು, ಪಾಯಾದಿಂದ ಕಟ್ಟು." ಗೋಡೆಗಳಿಗೆ ಇದು ಒಪ್ಪುವ ಮಾತೇ. ಆದರೆ ಸಿದ್ಧಾಂತಿಗಳ ತೊಂದರೆಯೆಂದರೆ ಅವರಿಗೆ ಲೋಕವೆಲ್ಲ ಗೋಡೆಯ ಹಾಗೆ ಕಾಣತೊಡಗುತ್ತದೆ. ಒಮ್ಮೆ ಮನೆಯ ಮಿಕ್ಸರು ನಿಂತಾಗ ಅದನ್ನು ಪಾಯದವರೆಗೂ ಬಿಚ್ಚಿದ. ಅದು ಈಗಲೂ ಬಿಚ್ಚಿಯೇ ಇದೆ. ಹೆಂಡತಿ ಸುಂದರವ್ವ ಅಂದಿನಿಂದ ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತಾಳೆ, ಅರೆಯುವಾಗ ಗಂಡನನ್ನು ಮರೆಯದೆ ನೆನೆಯುತ್ತಾಳೆ.

ಮಗಳು ಅಂಬಿಕಾ ನಕ್ಷೆ ಬರೆಯುವ ಕೆಲಸ ಕಲಿತವಳು. ಅಪ್ಪ ಹಿಡಿದ ಮನೆಗಳಿಗೆಲ್ಲ ಗೆರೆ ಎಳೆಯುವವಳು ಅವಳು, ಸಹಿ ಮಾತ್ರ ಮಡಗಾಂವಿನ ಒಬ್ಬ ಇಂಜಿನಿಯರನದು, ಹೆಸರು ಯಮನೂರಪ್ಪನದು. ಅವಳ ಹತ್ತಿರ ಕೈಯಿಂದ ಕೈಗೆ ಬಂದ ಒಂದು ದಪ್ಪ ಲ್ಯಾಪ್‌ಟಾಪ್ ಇತ್ತು. ಆಟ ಆಡುವ ಹುಡುಗರಿಗೆಂದು ಮಾಡಿದ್ದು, ಕೀಲಿಗಳ ಅಡಿಯಲ್ಲಿ ಬಣ್ಣದ ದೀಪ ಉರಿಯುವಂಥದ್ದು. ಅದರೊಳಗೆ ಚಿತ್ರ ಮೂಡಿಸುವುದಕ್ಕೆಂದೇ ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆಯದೇ ಒಂದು ಮಿದುಳು. ಅದರ ಬಲದಿಂದ ಅಂಬಿಕಾ ಇನ್ನೂ ಕಟ್ಟದ ಮನೆಯನ್ನು ಪರದೆಯ ಮೇಲೆ ನಿಲ್ಲಿಸಿ, ಬಾಗಿಲು ತೆಗೆದು, ಒಳಗೆ ನಡೆದಾಡಿಸಿ ತೋರಿಸುತ್ತಿದ್ದಳು.

ಈಗ ಎಸ್ಪೆರಾನ್ಸಾ ಟೀಚರಿಗೆ ಬೇಕಾಗಿದ್ದುದು ಅದೇ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಊರಿಗೆಲ್ಲ ಇನ್ನೂ ಟೀಚರಾಗಿಯೇ ಉಳಿದ ಆಕೆಯ ಹಳೆಯ ಮನೆಯ ಹಿಂಭಾಗ ಮಳೆಗೆ ಕುಸಿದಿತ್ತು. ಅಡುಗೆಮನೆ ಹೊಸದಾಗಿ ಆಗಬೇಕು. ಆಕೆಯ ಮೊಣಕಾಲು ಬಾಗುವುದಿಲ್ಲ, ಆಕೆಯ ಮಾತೂ ಬಾಗುವುದಿಲ್ಲ. "ಗೆರೆ ನೋಡಿದರೆ ನನಗೆ ತಲೆನೋವು ಬರುತ್ತದೆ, ಮೇಸ್ತಾ," ಎಂದು ಕೊಂಕಣಿಯಲ್ಲಿ ಖಂಡಿತವಾಗಿ ಹೇಳಿದ್ದಳು. "ಒಲೆಯ ಮುಂದೆ ನಿಂತರೆ ನನ್ನ ಹಲಸಿನ ಮರ ಕಾಣುತ್ತದೋ ಇಲ್ಲವೋ, ಅಷ್ಟು ತೋರಿಸು. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬರುತ್ತೇನೆ. ಮಡಗಾಂವಿನ ಕಂತ್ರಾಟುದಾರನೂ ಬರುತ್ತಾನೆ. ಯಾರು ತೋರಿಸುತ್ತಾರೋ ಅವರಿಗೆ ಕೆಲಸ." ಆಮೇಲೆ ಅಂಬಿಕಾಳ ಕಡೆ ತಿರುಗಿ, "ನಕ್ಷೆ ನಿನ್ನದಾದರೆ ಹೆಸರೂ ನಿನ್ನದೇ ಇರಲಿ," ಅಂದಿದ್ದಳು. ಆ ಸಂಜೆ ಅಂಬಿಕಾ ನಕ್ಷೆಯ ಮೂಲೆಯಲ್ಲಿ ತನ್ನ ಹೆಸರು ಬರೆದು, ಅಳಿಸಿ, ತುಸು ದೊಡ್ಡದಾಗಿ ಮತ್ತೆ ಬರೆದಳು.

ದಸರೆ ಕಳೆದ ಮೇಲೆ ನೋಡಿದರೆ ಲ್ಯಾಪ್‌ಟಾಪ್ ಜಡವಾಗಿತ್ತು. ಪರದೆಯ ಮೇಲೆ ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವಷ್ಟರಲ್ಲಿ ಖರೇ ಮನೆಯನ್ನೇ ಕಟ್ಟಿ ಮುಗಿಸಬಹುದಿತ್ತು. ಶನಿವಾರ ಮುಂಜಾನೆ ಅಂಬಿಕಾ, "ಇದಕ್ಕೇನೋ ಆಗೇತಿ, ಬಂದು ನೋಡ್ತೇನಿ," ಎಂದು ಟೀಚರ ಹಿತ್ತಿಲಿನ ಅಳತೆಗೆ ಹೋದಳು. ಏನೋ ಆಗಿದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಮನೂರಪ್ಪ ಸುಮ್ಮನೆ ಕೂರುವ ಜಾತಿಯಲ್ಲ.

ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿ, ಬಸ್ ಸ್ಟ್ಯಾಂಡಿನ ಬಳಿ ದಾವಲಮಲಿಕನ ಅಂಗಡಿಗೆ ಒಯ್ದ. ದಾವಲಮಲಿಕ ಮೊಬೈಲ್ ಕವರು ಮಾರುವವನು. ಕಂಪ್ಯೂಟರು ಅವನ ಹವ್ಯಾಸ, ಆತ್ಮವಿಶ್ವಾಸ ಅವನ ಬಂಡವಾಳ.

"ಜಡ ಹಿಡದೈತಿ, ಮಲಿಕ್."

"ವೈರಸ್ ಹೊಕ್ಕಿರಬೇಕು, ಮೇಸ್ತ್ರಿ. ಒಂದಿಷ್ಟು ಸ್ವಚ್ಛ ಮಾಡಿ ಕೊಡ್ಲ್ಯಾ?"

"ತ್ಯಾಪಿ ಹಚ್ಚಬ್ಯಾಡ. ಪಾಯಾದಿಂದ ತೆಗಿ."

"ಒಳಗಿಂದೆಲ್ಲಾ ಅಳಿಸಿ ಹೋಗತೈತಿ ನೋಡ್ರಿ."

"ಹೋಗಲಿ. ನಕ್ಷೆ ಎಲ್ಲಾ ಪೆನ್‌ಡ್ರೈವಿನ್ಯಾಗ ಅದಾವು. ಅಕಿ ಯಾರ ಮಗಳಂತ ತಿಳದಿ?"

ಹಳೆಯ ವಿಂಡೋಸ್ ನೆಲಸಮವಾಯಿತು, ಹೊಸದು ಏಳತೊಡಗಿತು. ಪರದೆಯ ಮೇಲೆ ಚುಕ್ಕಿಗಳು ಗಿರಗಿರ ತಿರುಗುತ್ತಿದ್ದರೆ ಮೇಸ್ತ್ರಿ ಹೊಸ ಸ್ಲ್ಯಾಬಿಗೆ ನೀರುಣಿಸಿ ಕೂತವನ ಗತ್ತಿನಲ್ಲಿ ಪಕ್ಕದಲ್ಲೇ ಕೂತ. ಅಂಗಡಿಗೆ ಬಂದ ಗಿರಾಕಿಯೊಬ್ಬ ಕವರು ಕೇಳಿದರೆ, "ತಡೀರಿ, ಇಲ್ಲಿ ಕೆಲಸ ನಡದೈತಿ," ಎಂದು ಮೇಸ್ತ್ರಿಯೇ ಉತ್ತರ ಕೊಟ್ಟ.

ಮಧ್ಯಾಹ್ನ ಊಟಕ್ಕೆ ಬಂದ ಅಂಬಿಕಾ ಕೈ ತೊಳೆಯುವ ಮೊದಲೇ ಸುದ್ದಿ ಮುಟ್ಟಿತು. ಅವಳು ಹಾಗೇ ಕೂತು, ತನ್ನ ಸಾಫ್ಟ್‌ವೇರ್ ಹಾಕಿ, ಟೀಚರ ಮನೆಯನ್ನು ತೆಗೆದಳು. ಗೋಡೆಗಳಿದ್ದ ಕಡೆ ಬೂದು ಬಣ್ಣ ಮೂಡಿತು, ಆಮೇಲೆ ಅದೂ ಹೋಗಿ ಒಂದು ಸೂಚನೆ ಬಂತು. ಗ್ರಾಫಿಕ್ಸ್ ಕಾರ್ಡ್ ಸಿಗುತ್ತಿಲ್ಲವಂತೆ. ಅವಳು ಯಂತ್ರದೊಳಗೆ ಏನೇನಿದೆ ಎಂದು ಹೇಳುವ ಪುಟ ತೆರೆದಳು.

"ಇಲ್ಲಿ ಎರಡ ಕಾರ್ಡಿನ ಹೆಸರಿರಬೇಕು, ಯಪ್ಪಾ. ಸಣ್ಣದು ಐತಿ, ದೊಡ್ಡದು ಇಲ್ಲ."

"ಎಲ್ಲಿ ಹೋಗತೈತಿ? ಮುಂಜಾನಿಂದ ನನ್ನ ಕಣ್ಣ ಮುಂದ ಐತಿ."

ಅಂಬಿಕಾ ಒಂದೊಂದಾಗಿ ನೋಡುತ್ತ ಹೋದಳು. ಕಾರ್ಡಿನ ಡ್ರೈವರ್ ತಂದು ಹಾಕಲು ನೋಡಿದರೆ, ನಿಮ್ಮಲ್ಲಿ ಅಂಥ ಕಾರ್ಡೇ ಇಲ್ಲವೆಂದು ಅದು ಬಾಗಿಲಿನಿಂದಲೇ ಹಿಂದಿರುಗಿತು. ಅಡಗಿದ್ದನ್ನೂ ತೋರಿಸು ಎಂದರೆ ಅಡಗಿದ್ದು ಯಾವುದೂ ಇರಲಿಲ್ಲ. ಯಂತ್ರ ಏಳುವ ಮೊದಲೇ ಕೀಲಿ ಒತ್ತಿ ಒಳಗಿನ ನೀಲಿ ಪುಟಕ್ಕೂ ಹೊಕ್ಕು ಬಂದಳು. ಅಲ್ಲಿಯೂ ಇಲ್ಲ. ಕಾರ್ಡು ಆ ಮನೆಯಲ್ಲಿ ಹುಟ್ಟೇ ಇರಲಿಲ್ಲವೇನೋ ಎಂಬಂತಿತ್ತು.

ಅಷ್ಟರಲ್ಲಿ ಯಮನೂರಪ್ಪನ ಫೋನಿಗೆ ದಾವಲಮಲಿಕ ಸ್ಕ್ರೂಡ್ರೈವರ್ ಸಮೇತ ಓಡಿಬಂದ. "ಕಾರ್ಡ್ ಸಡಿಲ ಆಗಿರಬೇಕು. ಬಿಚ್ಚೋಣು."

ಒಳಗಿನಿಂದ ಸುಂದರವ್ವ, "ಬಿಚ್ಚ್ರಿ, ಬಿಚ್ಚ್ರಿ. ಮಿಕ್ಸರಿಗೆ ಜೋಡಿ ಆಗತೈತಿ," ಅಂದಳು.

"ಕಾಕಾ, ಇದರಾಗ ಕಾರ್ಡನ್ನ ಬೋರ್ಡಿಗೇ ಬೆಸಗಿ ಹಾಕಿರ್ತಾರ. ಸಡಿಲ ಆಗಾಕ ಬರೂದಿಲ್ಲ," ಅಂದಳು ಅಂಬಿಕಾ.

"ಅದನ್ನ ನಾನೂ ಹೇಳಾಂವ ಇದ್ದೆ," ಎಂದು ದಾವಲಮಲಿಕ ಸ್ಕ್ರೂಡ್ರೈವರನ್ನು ಘನತೆಯಿಂದ ಜೇಬಿಗೆ ಸೇರಿಸಿದ.

"ಇನ್ನೊಮ್ಮೆ ಕೆಡವಿ ನೋಡೋಣು?" ಯಮನೂರಪ್ಪ ಕೇಳಿದ. ಈ ಸಲ ದನಿ ಸ್ವಲ್ಪ ತಗ್ಗಿತ್ತು.

ಅಂಬಿಕಾ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತಳು. "ಬಿಡು ಯಪ್ಪಾ. ನಾಳಿಗೆ ಟೀಚರಿಗೆ ಕಾಗದದ ಮ್ಯಾಲ ತೋರಸ್ತೇನಿ."

ಕಾಗದ ತೋರಿಸಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮಗಳು ರೇಗಿದ್ದರೆ ಯಮನೂರಪ್ಪ ತಿರುಗಿ ರೇಗಿ ಹಗುರಾಗುತ್ತಿದ್ದ. ಅವಳು ರೇಗಲಿಲ್ಲ. ಬಡಿಸಿದ ರೊಟ್ಟಿ ಅವನ ಮುಂದೆ ಹಾಗೇ ಒಣಗಿತು.

ತುಸು ಹೊತ್ತಿನ ಮೇಲೆ ಅಂಬಿಕಾಳೇ ತಲೆಯೆತ್ತಿದಳು. "ತಡಿ. ಇದು ಜಡ ಆಗಿದ್ದು ನೀವು ವಿಂಡೋಸ್ ಹಾಕೂಕಿಂತ ಮೊದಲ ಅಲ್ಲ? ಅಂದ್ರ ಕಾರ್ಡು ಹೋಗಿದ್ದೂ ಮೊದಲ. ದಸರಾದಾಗ ಆಯುಧದ ಜೋಡಿ ಖಂಡೆ ಪೂಜಿಗೆ ಇಡೂ ತನಕ ಚಲೋ ಇತ್ತು. ಪೂಜಿ ಆದ ಮ್ಯಾಲ ನಾ ತೆಗದ್ರ ಜಡ. ನಡಕ ಯಾರು ಮುಟ್ಟಿದ್ರಿ?"

ಯಮನೂರಪ್ಪನಿಗೆ ಇದ್ದಕ್ಕಿದ್ದಂತೆ ಸೂರಿಗೆ ಮೆತ್ತಿದ ಗಿಲಾವಿನಲ್ಲಿ ದೋಷವೊಂದು ಕಾಣಿಸಿತು. ಒಂದು ಕಣ್ಣು ಮುಚ್ಚಿ ಅದನ್ನೇ ನೋಡತೊಡಗಿದ.

"ಮುಟ್ಟದ ಯಾರರ ಪೂಜಿ ಮಾಡ್ತಾರ?" ಸುಂದರವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಗಾರಿ ಹಾಕೂ ಥಾಪಿ, ಟೇಪು, ಗುಂಡು-ದಾರ, ಎಲ್ಲಾದ್ರ ನಡಕ ಅದನ್ನ ಕುಂದ್ರಿಸಿ ಕುಂಕುಮ ಹಚ್ಚಿದ್ರು ನಿಮ್ಮಪ್ಪ. ಬನ್ನಿ ಮುಡಿಯೂ ದಿನ ಮುಂಜಾನೆ ಅವರ ಎತ್ತಿದ್ರು. ಎತ್ತಿ ಬಾಳ ಹೊತ್ತು ತೆರದು ಕುಂತಿದ್ರು. ಕೇಳಿದ್ರ, ನಿನಗ ತಿಳಿಯೂದಿಲ್ಲ ಅಂದ್ರು."

"ಯಪ್ಪಾ?"

"ಏನಿಲ್ಲ. ಆಯುಧ ಎತ್ತಿದ ಮ್ಯಾಲ ಒಂದೀಟು ನಡಿಸಿ ನೋಡೂದು ಪದ್ಧತಿ. ಥಾಪಿಲೆ ಒಂದು ಕೈ ಗಾರಿ ಹಾಕಿದೆ. ಇದನ್ನೂ ಚಾಲೂ ಮಾಡಿದೆ. ಒಂದು ಪಟ್ಟಿ ಬಂತು. ಅದರಾಗ ಒಂದು ಹಸರ ಎಲಿ ಇತ್ತು."

"ಎಲಿ?"

"ಎಲಿನ. ದಸರಾ ಮುಂಜಾನೆ, ಪೂಜಿ ಆದ ಕೂಡಲೆ, ತಾನಾಗೇ ಮುಂದ ಬಂದು ನಿಂತೈತಿ. ಈ ಊರಾಗ ಬನ್ನಿ ಎಲ್ಲಿ ಸಿಗತೈತಿ? ಇಲ್ಲಿ ಮಂದಿ ಕೊಡೂದು ಆಪಟ್ಯಾ ಗಿಡದ ಅಗಲ ಎಲಿ. ಇದು ಬನ್ನಿ ಹಂಗ ಸಣ್ಣ ಇತ್ತು. ಬನ್ನಿ ಬಂಗಾರ ಅಂತಾರ. ಬಂಗಾರ ಮನಿ ಬಾಗಲಕ್ಕ ಬಂದ್ರ ಮುಟ್ಟದ ಕಳಸಾಕ ಬರತೈತೇನು? ಮುಟ್ಟಿದೆ. ಕೈ ಮುಗದೆ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆಗೀತು. ಒಪ್ಪಕೊಂತು ಅಂದ್ಕೊಂಡೆ."

ದಾವಲಮಲಿಕನಿಗೆ ಕೆಮ್ಮು ಬಂತು. ಅಂಬಿಕಾ ಅಪ್ಪನನ್ನೇ ನೋಡುತ್ತಿದ್ದಳು; ಮೊದಲು ಹೆಗಲು ಅಲುಗಿತು, ಆಮೇಲೆ ಜಮಖಾನದ ಮೇಲೆ ಉರುಳುವಷ್ಟು ನಗು ಬಂತು.

"ಯಪ್ಪಾ, ಅದು ಬ್ಯಾಟರಿ ಉಳಸೂ ಎಲಿ. ಅದನ್ನ ಒತ್ತಿದ್ರ ದೊಡ್ಡ ಕಾರ್ಡಿಗೆ ಕರೆಂಟ್ ಬಂದ್. ಚಾಲೂ ಮಾಡೂ ಬಟನ್ ಆ ಪಟ್ಟ್ಯಾಗ ಇತ್ತು. ಕಂಪನಿಯವರ ಪಟ್ಟಿ ಅದು. ನೀ ಮತ್ತ ಮಲಿಕ ಕಾಕಾ ಕೂಡಿ ಅದನ್ನ ವಿಂಡೋಸಿನ ಜೋಡಿ ಒರಸಿ ಹಾಕೀರಿ. ಬಂದ್ ಮಾಡಿದ್ದು ಒಳಗ ಬೋರ್ಡಿನ್ಯಾಗ ಹಂಗ ಕುಂತೈತಿ." ಅವಳು ಕಣ್ಣು ಒರೆಸಿಕೊಂಡಳು. "ಮೇನ್ ಸ್ವಿಚ್ ಬಂದ್ ಮಾಡಿ, ಮ್ಯಾಲ ಗಿಲಾವ್ ಮಾಡಿ ಕುಂತೀ ನೋಡು."

ಬೇರೆ ಯಾವ ಮಾತಾದರೂ ಯಮನೂರಪ್ಪ ತಡೆದುಕೊಳ್ಳುತ್ತಿದ್ದ. ಹೋದ ವರ್ಷ ನಲ್ಲಿಯ ಮೇಲೆ ಗಿಲಾವು ಬಳಿದ ಗಾರೆಯವನೊಬ್ಬನನ್ನು ಕೆಪೆಯಿಂದ ಸಾವರ್ಡೆಯವರೆಗೆ ಆಡಿಕೊಂಡು ಬಂದವನು ಅವನೇ. ಈಗ ಆ ಗಾರೆಯವನ ಮುಖ ಕಣ್ಣೆದುರು ಬಂದು ನಿಂತಿತು. ಮುಖದ ಮೇಲೆ ನಗೆಯಿತ್ತು.

"ಮತ್ತ ಬರತೈತಿಲ್ಲ?" ಎಂದ.

"ಕಂಪನಿ ಸಾಫ್ಟ್‌ವೇರ್ ಮತ್ತ ತಂದು ಹಾಕಬೇಕು. ಅದು ಭಾರಿ ಐತಿ. ಇಲ್ಲಿ ನೆಟ್‌ವರ್ಕ್ ಎಲ್ಲೈತಿ?"

ನೆಟ್‌ವರ್ಕ್ ಎಲ್ಲಿದೆಯೆಂದು ಮೇಸ್ತ್ರಿಗೆ ಗೊತ್ತಿತ್ತು. ಓಣಿಯ ಕೊನೆಯಲ್ಲಿ ಅವನೇ ಕಟ್ಟುತ್ತಿದ್ದ ಮನೆಯ ತಾರಸಿಯ ಮೇಲೆ ನಿಂತರೆ ಫೋನು ಚೆನ್ನಾಗಿ ಹಿಡಿಯುತ್ತದೆ; ಆಳುಗಳು ಅಲ್ಲಿಂದ ಇಳಿಯದಿರಲು ಕಾರಣವೂ ಅದೇ. ಬಿಸಿಲು ತಗ್ಗಿದ ಹೊತ್ತಿಗೆ ಮೂವರೂ ಹತ್ತಿದರು. ಅಂಬಿಕಾ ಸಿಮೆಂಟು ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಳು. ದಾವಲಮಲಿಕನ ಫೋನಿನ ನೆಟ್ಟು ಮುಗಿದ ಮೇಲೆ ಯಮನೂರಪ್ಪನ ಫೋನಿನ ಸರದಿ. ಅದು ತಲೆಯ ಮೇಲೆತ್ತಿ ಹಿಡಿದರೆ ಓಡುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ಮೇಸ್ತ್ರಿ ಕೈ ಎತ್ತಿ ನಿಂತ.

ಕೆಳಗೆ ಹೋಗುತ್ತಿದ್ದ ಹೀರಪ್ಪನೆಂಬ ಆಳು ತಲೆಯೆತ್ತಿ, "ಏನ್ರಿ ಮೇಸ್ತ್ರಿ, ಮ್ಯಾಲ ಏನ ನಡಸೀರಿ?" ಎಂದು ಕೇಳಿದ.

"ಲೆವೆಲ್ ನೋಡಾಕತ್ತೇನಿ. ನಡಿ ನೀ."

ಕೈ ಬದಲಿಸಿ ಬದಲಿಸಿ ಭುಜ ಮರಗಟ್ಟುವ ಹೊತ್ತಿಗೆ ಸಾಫ್ಟ್‌ವೇರ್ ಬಂದು ಕೂತಿತು. ಪಟ್ಟಿಯೂ ಬಂತು, ಅದರಲ್ಲಿ ಎಲೆಯೂ ಬಂತು. "ನೀನ ಒತ್ತು ಯಪ್ಪಾ," ಅಂದಳು ಅಂಬಿಕಾ, "ಎಲಿ ಅಲ್ಲ, ಅದರ ಬಾಜೂದು." ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಪರದೆ ಕಪ್ಪಾಯಿತು. ಬೆಳಕು ಬಂದಾಗ ಪುಟದಲ್ಲಿ ಎರಡು ಹೆಸರಿದ್ದವು. ಯಮನೂರಪ್ಪ ದೊಡ್ಡ ಕಾರ್ಡಿನ ಹೆಸರನ್ನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದ, ಮುನಿಸಿಕೊಂಡು ಹೋಗಿದ್ದ ಬೀಗರನ್ನು ಬಾಗಿಲಲ್ಲಿ ಎದುರುಗೊಳ್ಳುವವನ ಹಾಗೆ.

ಭಾನುವಾರ ಟೀಚರ ಚಾವಡಿಯಲ್ಲಿ ಮಡಗಾಂವಿನ ಕಂತ್ರಾಟುದಾರ ಹೊಳೆಯುವ ಬಣ್ಣದ ಪುಸ್ತಕ ಹರಡಿಕೊಂಡು ಮೊದಲೇ ಕೂತಿದ್ದ. ಟೀಚರ್ ಚರ್ಚಿನ ಬಟ್ಟೆಯಲ್ಲೇ ಕುರ್ಚಿ ಎಳೆದುಕೊಂಡು, ಪುಸ್ತಕವನ್ನು ಪಕ್ಕಕ್ಕೆ ಸರಿಸಿ, "ನಡೆಸು," ಎಂದಳು. ಅಂಬಿಕಾ ಬಾಗಿಲು ತೆಗೆದಳು. ಟೀಚರ್ ಮೊಣಕಾಲು ನೋಯದೆ ಮೆಟ್ಟಿಲು ಇಳಿದಳು, ಹೊಸ ಅಡುಗೆಮನೆ ಹೊಕ್ಕಳು, ಒಲೆಯ ಮುಂದೆ ನಿಂತಳು.

"ಮರ ಎಲ್ಲಿ?"

ಕಿಟಕಿಯ ನಡುಮಧ್ಯದಲ್ಲಿ ಒಂದು ಕಂಬ ನಿಂತಿತ್ತು. ಅದು ಅಲ್ಲೇ ಇರಬೇಕೆಂದು ಹಟ ಹಿಡಿದವನು ಯಮನೂರಪ್ಪ. ಭಾರ, ತೊಲೆ, ಅನುಭವ ಎಂದು ಮಗಳಿಗೆ ಒಂದು ವಾರ ಪಾಠ ಹೇಳಿದ್ದ. ಕಂತ್ರಾಟುದಾರ ಮುಗುಳ್ನಕ್ಕ. ಅಂಬಿಕಾ ಅಪ್ಪನ ಕಡೆ ನೋಡಿದಳು. ಅವನ ಬಾಯಿಂದ ಬರಬೇಕೆಂದು ಕಾದಳು.

"ಎಡಕ್ಕ ಸರಸು," ಎಂದ ಯಮನೂರಪ್ಪ ಕಡೆಗೆ. "ಮ್ಯಾಲ ತೊಲಿ ದಪ್ಪ ಹಾಕ್ತೇನಿ. ತಡೀತೈತಿ."

ಕಂಬ ಸರಿಯಿತು. ಅದರ ಹಿಂದಿನಿಂದ ಹಲಸಿನ ಮರ ಕಾಯಿ ಸಮೇತ ಹೊರಬಂತು. ಟೀಚರ್ ಬಹಳ ಹೊತ್ತು ಒಲೆಯ ಮುಂದಿನಿಂದ ಕದಲಲಿಲ್ಲ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ನನ್ನ ಸ್ಟೂಲು. ಕೆಲಸ ಯಾವಾಗ ಶುರು?" ಎಂದಳು. ಕಂತ್ರಾಟುದಾರ ಪುಸ್ತಕ ಮಡಚಿದ.

"ಇದನ್ನೆಲ್ಲ ಮಾಡಿದ್ದು ಯಾರು?" ಟೀಚರ್ ಮತ್ತೆ ಕೇಳಿದಳು. ಉತ್ತರ ಗೊತ್ತಿದ್ದೂ ಕೇಳುವುದು ಟೀಚರುಗಳ ಅಭ್ಯಾಸ. ಯಮನೂರಪ್ಪ ರೂಢಿಯಂತೆ ಎದೆ ತುಂಬ ಗಾಳಿ ಎಳೆದುಕೊಂಡ. ಸ್ವಲ್ಪ ಹೊತ್ತು ಹಾಗೇ ಹಿಡಿದು, ತನ್ನ ಮುದ್ದೇಬಿಹಾಳದ ಕೊಂಕಣಿಯಲ್ಲಿ ಹೇಳಿದ:

"ನನ್ನ ಮಗಳ್ರಿ. ಕಂಬ ಅಷ್ಟ ನಂದಿತ್ತು."