ಕಲೆಕ್ಟರ್ ಪಾರ್ಟು

ಮುಖದ ಮೇಲೆ ತೊನ್ನು ಹರಡಿದ ವರ್ಷದಿಂದ ಬ್ರಿಟಿಷ್ ಕಲೆಕ್ಟರನ ಪಾರ್ಟು ನನ್ನದೇ. ಸೀತೂರಿನ ಆಚೆ, ನಮ್ಮೂರಲ್ಲಿ, ಪ್ರತಿ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಿದ ಮೇಲೆ ಕಿತ್ತೂರಿನ ಯುದ್ಧದ ನಾಟಕ ಆಡುತ್ತೇವೆ. ಕಿತ್ತೂರಿನವರು ಗೆದ್ದ ಮೊದಲ ಯುದ್ಧ ಮಾತ್ರ. ಸೋತ ಎರಡನೆಯದು ಯಾರಿಗೂ ಬೇಡ. ಕಲೆಕ್ಟರ್ ಗುಂಡು ತಗುಲಿ ಸಾಯಬೇಕು, ರಾಣಿ ವಿಜಯದ ಮಾತಾಡಬೇಕು, ಊರ ಹೆಂಗಸರು ರಂಗಕ್ಕೇ ಹತ್ತಿ ಅವಳಿಗೆ ಆರತಿ ಎತ್ತಬೇಕು. ಇದು ನಮ್ಮ ಪದ್ಧತಿ.

ನಾಟಕ ಆಡಿಸುವವರು ನಾನು ಕೂಲಿಗೆ ಹೋಗುವ ತೋಟದ ಯಜಮಾನರು. "ನಿಂಗೆ ಬಣ್ಣನೇ ಬೇಡ ಮಾರಾಯ, ದೇವ್ರೇ ಬಳಿದು ಕಳ್ಸಿದಾನೆ," ಎಂದು ಪ್ರತಿ ಸಲವೂ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ.

ಕಳೆದ ವರ್ಷ ರಾಣಿಯ ಪಾರ್ಟು ನನ್ನ ಮಗಳಿಗೆ ಬಂತು. ಏಳನೇ ಕ್ಲಾಸಿನ ಹುಡುಗಿ, ಗಂಟಲೆಂದರೆ ಗಂಟಲು. ಸಂಜೆಯಾದರೆ ಸೌಟು ಹಿಡಿದು ಅಡುಗೆಮನೆಯಲ್ಲಿ ನನ್ನನ್ನು ಕೊಲ್ಲಿಸುತ್ತಿದ್ದಳು, ನಾನು ಸಂತೋಷವಾಗಿ ಸಾಯುತ್ತಿದ್ದೆ. ಮಗಳು ರಾಣಿಯಾದರೆ ಇಷ್ಟು ವರ್ಷ ನಗೆಪಾಟಲಾಗಿದ್ದೂ ಸಾರ್ಥಕ ಎನಿಸಿತ್ತು.

ನಾಟಕ ಹತ್ತಿರ ಬಂದಾಗ ಅವಳ ತುಟಿಯ ಪಕ್ಕ ಅಕ್ಕಿಕಾಳಿನಷ್ಟು ಬಿಳಿ ಕಂಡಿತು. ಕೊಪ್ಪದ ಡಾಕ್ಟರು ಮುಲಾಮು ಕೊಟ್ಟು, ಇದು ಅಂಟುವಂಥದ್ದಲ್ಲ ಎಂದರು. ಅದನ್ನು ಊರಿಗೆ ಹೇಳುವವರು ಯಾರು? ಪ್ರಾಕ್ಟೀಸಿಗೆ ಹೋದರೆ ಯಜಮಾನರು ಅವಳ ತಲೆಯ ರಟ್ಟಿನ ಕಿರೀಟ ತೆಗೆದು ಪಕ್ಕದ ಹುಡುಗಿಗೆ ಇಟ್ಟರು.

"ಬಣ್ಣ ಹಚ್ಚಿದ್ರೆ ಕಾಣಲ್ಲ ಅಯ್ಯಾ," ಎಂದೆ.

"ಕಾಣದಿದ್ರೆ ಏನಾತು? ಊರಿಗೆಲ್ಲ ಗೊತ್ತಲ್ಲ. ಯಾವ ಹೆಂಗ್ಸು ಬಂದು ಆರತಿ ಎತ್ತುತ್ತಾಳೆ ಮಾರಾಯ? ಬ್ರಿಟಿಷರ ಕಡೆ ಒಬ್ರು ಕಮ್ಮಿ ಇದಾರೆ, ನಿನ್ನ ಪಕ್ಕ ನಿಲ್ಸ್ಕೋ."

ಎಲ್ಲರೂ ನಕ್ಕರು. ನಾನು ಅವಳ ಕೈ ಹಿಡಿದು, "ಬಾ, ಮನೆಗೆ ಹೋಗಣ," ಎಂದೆ.

"ಬೇಡ ಅಪ್ಪಾ, ನಾ ನಾಟ್ಕದಲ್ಲಿ ಇರ್ಬೇಕು," ಎಂದಳು. ಹೇಗಾದರೂ ರಂಗದ ಮೇಲೆ ಇದ್ದರೆ ಸಾಕಾಗಿತ್ತು ಅವಳಿಗೆ.

ನಾಟಕದ ದಿನ ಕೆಂಪು ಕೋಟು ತೊಟ್ಟು ನನ್ನ ಪಕ್ಕ ನಿಂತಳು. ಪಟಾಕಿ ಸಿಡಿಯಿತು. ನಾನು ಬಿದ್ದೆ, ಅವಳೂ ಬಿದ್ದಳು. ಊರೆಲ್ಲ ಚಪ್ಪಾಳೆ. ಹೊಸ ರಾಣಿ ಕತ್ತಿ ಎತ್ತಿ ಎರಡು ಮಾತಾಡಿ ನಿಂತುಬಿಟ್ಟಳು, ಮುಂದಿನದು ಮರೆತಿತ್ತು. ನನ್ನ ಮಗಳು ಬಿದ್ದಲ್ಲಿಂದಲೇ, ಕಣ್ಣು ಮುಚ್ಚಿಕೊಂಡೇ, ಆ ಸಾಲು ಹೇಳಿಕೊಟ್ಟಳು. ರಾಣಿ ಅದನ್ನು ಕೂಗಿದಳು. ಮತ್ತೆ ಮರೆತಳು, ಇವಳು ಮತ್ತೆ ಹೇಳಿದಳು.

ಪರದೆಯ ಸಂದಿಯಿಂದ ಯಜಮಾನರು ಗದರಿದರು, "ಹೆಣ ಮಾತಾಡ್ತದೇನೇ? ಬಾಯ್ ಮುಚ್ಚು!"

ಮಗಳು ಬಾಯಿ ಮುಚ್ಚಿದಳು. ಹೆಂಗಸರು ಆರತಿ ತಟ್ಟೆ ಹಿಡಿದು, ಸೆರಗು ನಮಗೆ ತಾಗದಂತೆ ಎತ್ತಿಕೊಂಡು, ನಮ್ಮನ್ನು ದಾಟಿ ಹೋದರು.