ಮೊಮ್ಮಗಳ ಜವಳಕ್ಕೆ ಚಕಮಕಿ ಅಲಗು

ಕೈಗಳು ಇನ್ನೂ ನೋಯುತ್ತಿವೆ. ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಎಡಗೈಯ ಅಂಗೈ ತುಂಬ ಗೀರು. ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟು, ಕೈ ಜಾಡಿಸಿ, ಮತ್ತೆ ಬರೆಯುತ್ತಿದ್ದೇನೆ. ಸುಮ್ಮನಿರಲು ಆಗುತ್ತಿಲ್ಲ. ಒಂಬತ್ತು ವರ್ಷ ಕಾದ ಮೇಲೆ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ, ಹೋದ ವಾರ ಅದರ ಜವಳ ಮುಗಿದಿದೆ. ಇದನ್ನು ಹೇಳದೆ ಎಲ್ಲಿ ಇಟ್ಟುಕೊಳ್ಳಲಿ?

ನಮ್ಮದು ಯಲಬುರ್ಗಾ ಕಡೆ, ಮಂಗಳೂರಿನ ಹತ್ತಿರದ ಹಳ್ಳಿ; ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಸೀಮೆಯದು. ಒಂದಿಷ್ಟು ಎರೆ ಹೊಲ, ಎರಡು ಎಮ್ಮೆ. ಹೊಲದಲ್ಲಿ ಕೆಲಸವಿಲ್ಲದಾಗ ನಾನು ಊರೂರು ತಿರುಗಿ ಬೀಸುಕಲ್ಲು, ಒರಳುಗಳಿಗೆ ಚಾಣ ಹೊಡೆದುಕೊಡುತ್ತಿದ್ದೆ. ಬೀಸಿ ಬೀಸಿ ನುಣುಪಾದ ಕಲ್ಲನ್ನು ಚಾಣದಿಂದ ಕುಟ್ಟಿ ಮತ್ತೆ ತರಿತರಿ ಮಾಡುವ ಕೆಲಸ ಅದು. ಮಿಕ್ಸರ್ ಬಂದ ಮೇಲೆ ಕರೆಯುವವರು ನಿಂತರು. ಚಾಣ, ಸುತ್ತಿಗೆ ಜಂತಿಯ ಸಂದಿ ಸೇರಿದವು.

ನಾಲ್ಕು ವರ್ಷದ ಹಿಂದೆ ಹೊಲದಲ್ಲಿ ಕಡಲೆ ಗಿಡ ಕೀಳುವಾಗ ಬೇರಿನ ಮಣ್ಣಿನ ಜೊತೆ ಒಂದು ಕಲ್ಲಿನ ಚೂರು ಬಂತು. ಬೆರಳುದ್ದ ಇತ್ತು, ಜೇನಿನ ಬಣ್ಣ. ಬೆನ್ನ ಮೇಲೆ ಉದ್ದಕ್ಕೂ ಒಂದು ಏಣು, ಎರಡೂ ಬದಿಗೆ ತೆಳುವಾದ ಅಂಚು. ಸವರಿ ನೋಡಿದೆ, ಬೆರಳು ಕೊಯ್ಯಿತು. ಸಂಜೆ ಮಗ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದ.

“ಅಪ್ಪಾ, ಇದು ಕಬ್ಬಣ ಇಲ್ಲದ ಕಾಲದಾಗ ಮಂದಿ ಮಾಡಿದ್ದ ಅಲಗು. ಚಕಮಕಿ ಕಲ್ಲಿಂದು. ಈಗೂ ಹಿಂತಾವು ಮಾಡಾವ್ರು ಅದಾರ ನೋಡು, ಬರೇ ಹವ್ಯಾಸಕ್ಕ.”

“ಹಂಗಾರ ನಾನೂ ಮಾಡ್ತೀನಿ. ಕಲ್ಲು ನನಗೇನು ಹೊಸಾದ?” ಎಂದೆ.

ಆ ಸೊಕ್ಕು ಮೂರು ವರ್ಷ ನನ್ನನ್ನು ಅರೆಯಿತು. ಕುಷ್ಟಗಿ ಆಚೆಯ ಹಳ್ಳಗಳಲ್ಲಿ ಚಕಮಕಿ ಕಲ್ಲು ಆರಿಸಿ ಚೀಲದಲ್ಲಿ ತರುತ್ತಿದ್ದೆ. ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿ, ತೊಡೆಯ ಮೇಲೆ ಹಳೆಯ ತೊಗಲು ಹೊದ್ದು ಕೂಡುತ್ತಿದ್ದೆ. ಹೊಡೆದದ್ದೆಲ್ಲ ಪುಡಿ. ತಪ್ಪು ಕಲ್ಲಿನದಲ್ಲ, ನನ್ನ ಕೈಯದು. ಬೀಸುಕಲ್ಲಿಗೆ ನೆಟ್ಟಗೆ ಏಟು ಹಾಕಬೇಕು, ನಲವತ್ತು ವರ್ಷ ಹಾಗೇ ಹಾಕಿದ ಕೈ. ಚಕಮಕಿಗೆ ಅಂಚು ಹಿಡಿದು ಓರೆಯಾಗಿ, ಜಾರಿಸಿದ ಹಾಗೆ ಹೊಡೆಯಬೇಕು. ಆಗ ಉಳ್ಳಾಗಡ್ಡಿಯ ಸಿಪ್ಪೆ ಬಿಟ್ಟಂತೆ ಚಕ್ಕೆ ಬಿಡುತ್ತದೆ. ಇದು ತಲೆಗೆ ಬೇಗ ಹೊಳೆಯಿತು. ಕೈ ಮಾತ್ರ ಒಪ್ಪಲಿಲ್ಲ. ಓರೆ ಹೊಡೆಯಬೇಕೆಂದು ಎತ್ತಿದ ಕೈ ಇಳಿಯುವಾಗ ನೆಟ್ಟಗಾಗುತ್ತಿತ್ತು. ಹೊಸದಾಗಿ ಕಲಿಯುವುದಕ್ಕಿಂತ ಕಲಿತದ್ದನ್ನು ಮರೆಯುವುದೇ ಕಷ್ಟ ಎಂದು ಅರವತ್ತೆಂಟರ ವಯಸ್ಸಿನಲ್ಲಿ ಗೊತ್ತಾಯಿತು.

ನನ್ನ ಹೆಂಡತಿ ದಿನಾ ಬಯ್ಯುತ್ತಿದ್ದಳು. “ಮುದುಕರಾಗಿ ಹುಡುಗ್ರ ಆಟ ಹಚ್ಚೀರಲ್ರಿ. ಕೋಳಿ ಕಾಲಾಗ ಚೂರು ನಟ್ಟಾವ, ಬಂದು ತಗೀರಿ.” ಕೋಳಿ ಹಿಡಿದು ಚೂರು ತೆಗೆಯುವುದೂ ನನ್ನ ಪಾಲಿಗೇ ಬಂತು.

ಇಂಥ ಹೊತ್ತಿನಲ್ಲಿ ಮರಳಿಯಿಂದ ಫೋನು. ಮಗಳನ್ನು ಕೊಟ್ಟ ಊರು ಅದು, ಗಂಗಾವತಿ ಕಡೆಯ ನೀರಾವರಿ ಸೀಮೆ. ಹೆರಿಗೆಯಾಗಿದೆ, ಕೂಸು ಬಾಣಂತಿ ಆರಾಮ ಇದ್ದಾರೆ ಎಂದರು. ಫೋನು ಮಗಳ ಕೈಗೆ ಹೋಯಿತು. ನನ್ನ ಬಾಯಿಂದ ಏನು ಹೊರಟಿತು ನೋಡಿ: “ಯವ್ವಾ, ನಿನ್ನ ಮಗಳ ಜವಳಕ್ಕ ಮೊದಲನೇ ಕೂದಲ ನಾ ಮಾಡಿದ ಅಲಗಿಲೇ ತಗೀಬೇಕು!”

ಅಷ್ಟು ಹೊತ್ತಿಗೆ ನಾನು ನೆಟ್ಟಗಿನ ಒಂದು ಅಲಗೂ ಮಾಡಿರಲಿಲ್ಲ.

ನಾನು ಸಂತೋಷಕ್ಕೆ ಆಡಿದ ಮಾತನ್ನು ಮಗಳು ಮನಸ್ಸಿಗೆ ಹಾಕಿಕೊಂಡಳು. ಆ ಮನೆಯಲ್ಲಿ, ಆ ಓಣಿಯಲ್ಲಿ ಎಲ್ಲರಿಗೂ ಹೇಳಿದಳು. “ನಮ್ಮಪ್ಪ ಮಾಡಾಕತ್ತಾನ” ಎಂದು ಹೇಳಿಕೊಳ್ಳಲು ಅವಳಿಗೆ ಒಂಬತ್ತು ವರ್ಷದಲ್ಲಿ ಸಿಕ್ಕ ಮೊದಲ ಮಾತು ಅದು. ಮಕ್ಕಳಿಲ್ಲದವಳು ಎಂದು ಅಷ್ಟು ದಿನ ಬರೀ ಕೇಳಿಸಿಕೊಂಡವಳು. ಈಗ ನನ್ನ ಕೈ ಸೋತರೆ ನಗೆಗೀಡಾಗುವವಳು ಅವಳು. ಇದು ನೆನಪಾದಾಗಲೆಲ್ಲ ಉಣ್ಣುವುದು ಬಿಟ್ಟು ಎದ್ದು ಕಲ್ಲಿನ ಚೀಲ ಬಿಚ್ಚುತ್ತಿದ್ದೆ.

ಜವಳ ಕೂಸಿನ ಹನ್ನೊಂದನೆಯ ತಿಂಗಳಿಗೆ ಎಂದು ಗೊತ್ತಾಯಿತು. ನಾನು ದಿನಾ ಎಮ್ಮೆ ಹಿಂಡಿ ಬಂದು ಬೇವಿನ ಕೆಳಗೆ ಕೂತೆ. ಭುಜ ಬೆಂಕಿಯಾಗುತ್ತಿತ್ತು. ಎಷ್ಟೋ ದಿನ ಹತ್ತು ಏಟಿಗೆ ಕೈಯೆತ್ತಲು ಆಗದೆ ಅಲ್ಲೇ ಅಡ್ಡಾಗುತ್ತಿದ್ದೆ. ಹತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹಿಂದಿನ ದಿನದ ದಣಿವಿನಿಂದ ಕೈ ಸಡಿಲಾಗಿತ್ತು. ನೆಟ್ಟಗೆ ಹೊಡೆಯುವಷ್ಟು ಕಸುವೇ ಇರಲಿಲ್ಲ. ಸುಮ್ಮನೆ ಜಾರಿಸಿದೆ. ಟಣ್ ಎಂದು ಸಪ್ಪಳವಾಗಿ ತೊಗಲಿನ ಮೇಲೆ ಒಂದು ಚಕ್ಕೆ ಬಿತ್ತು. ಬೆರಳುದ್ದ, ಬೆನ್ನಿಗೆ ಏಣು, ಎರಡೂ ಬದಿಗೆ ಅಂಚು. ಹೊಲದಲ್ಲಿ ಸಿಕ್ಕ ಅಲಗಿನ ಪಕ್ಕ ಇಟ್ಟು ನೋಡಿದೆ. ಅಣ್ಣತಮ್ಮಂದಿರ ಹಾಗಿದ್ದವು. ಎಮ್ಮೆ ಕೊಂಬಿನ ತುದಿಯಿಂದ ಒತ್ತಿ, ಕೈಯಲ್ಲಿ ಹಿಡಿಯುವ ಕಡೆಯ ಅಂಚನ್ನು ಮೊಂಡು ಮಾಡಿದೆ. ಅಲಗು ಹಿಡಿದು ನನ್ನ ಗಡ್ಡದ ಮೇಲೆ ನೋಡಿದೆ, ಆಡಿನ ಕೂದಲ ಮೇಲೆ ನೋಡಿದೆ, ಗೋಣಿದಾರದ ಮೇಲೆ ನೋಡಿದೆ. ಎಲ್ಲವನ್ನೂ ಕೊಯ್ದಿತು. ಒಬ್ಬನೇ ಕೂತು ಅತ್ತೆ. ಆನಂದವೋ ಸುಸ್ತೋ ಹೇಳಲಾರೆ.

ಜವಳದ ದಿನ ಮರಳಿಯ ಅಂಗಳದಲ್ಲಿ ಹಸೆ ಹಾಕಿದ್ದರು. ಬಸ್ಸಿನಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದಿತ್ತು. ಸೋದರಮಾವ ಮೊದಲ ಕೂದಲು ತೆಗೆಯಬೇಕು, ಆಮೇಲೆ ಕ್ಷೌರದವನು ಉಳಿದದ್ದನ್ನು ಬೋಳಿಸಬೇಕು. ಸೋದರಮಾವ ಎಂದರೆ ನನ್ನ ಮಗನೇ. ನಾನು ಸುತ್ತಿ ತಂದಿದ್ದ ಬಟ್ಟೆ ಬಿಚ್ಚಿ ಅಲಗನ್ನು ತಟ್ಟೆಯಲ್ಲಿ ಇಟ್ಟೆ. ಬೀಗತಿ ಬಗ್ಗಿ ನೋಡಿದರು.

“ಏನ್ರಿ ಬೀಗರ, ಕೂಸಿನ ತಲಿಮ್ಯಾಲ ಕಲ್ಲು ಹಾಕ್ತೀರೇನು?”

“ಕಲ್ಲು ಹಾಕಂಗಿಲ್ರಿ, ಕೂದಲ ತಗೀತೀವಿ.”

“ಕತ್ತರಿ ಇಲ್ಲದ ಮನಿಗೆ ಮಗಳ್ನ ಕೊಟ್ಟೀನಂತ ತಿಳದೀರೇನ? ನಮ್ಮ ಮನ್ಯಾಗ ನಾಕು ಕತ್ತರಿ ಅದಾವ.”

ಹೆಂಗಸರು ನಕ್ಕರು. “ಆದಿಮಾನವ ಬೀಗರು!” ಎಂದು ಹಿಂದಿನಿಂದ ಯಾರೋ ಅಂದರು. ಮಗಳು ತಲೆ ತಗ್ಗಿಸಿ ಕೂಸಿನ ಲಂಗ ಸರಿಮಾಡತೊಡಗಿದಳು. ನಾನು ತಟ್ಟೆಯನ್ನು ಮಗನ ಕಡೆ ಸರಿಸಿದೆ.

“ಆತು, ಒಂದ್ಸಲ ನೋಡೂಣು. ಆಗಲಿಲ್ಲಂದ್ರ ಕತ್ತರಿ ತರ್ತೀನಿ” ಎಂದರು ಬೀಗತಿ.

ಮಗ ಕೂದಲಿನ ಒಂದು ಎಳೆ ಎತ್ತಿ, ತಲೆಯಿಂದ ಎರಡು ಬೆರಳು ದೂರಕ್ಕೆ ಅಲಗು ಹಿಡಿದು ಒತ್ತಿದ. ಕೂದಲು ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ಗಡ್ಡ, ಆಡು, ಗೋಣಿ, ಹೀಗೆ ಒರಟಾದವುಗಳ ಮೇಲಷ್ಟೇ ನೋಡಿದ್ದೆ. ಕೂಸಿನ ಕೂದಲು ಇಷ್ಟು ಮೆತ್ತಗಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಮಗ ನನ್ನ ಮುಖ ನೋಡಿದ. ಬೀಗತಿ ಕತ್ತರಿ ತರಲು ಒಳಗೆ ಎದ್ದರು.

ಆಗ ಮೂಲೆಯಲ್ಲಿ ಕೂತಿದ್ದ ಕ್ಷೌರದವನು ಗಂಟಲು ಸರಿಮಾಡಿಕೊಂಡ.

“ತಡೀರಿ ಅಮ್ಮಾರ. ಯಜಮಾನ್ರ, ಕಲ್ಲು ನಿಮ್ಮ ಬಾಬತ್ತು, ಕೂದಲ ನಂದು. ಒಣಾ ಕೂದಲ ಕೈಯಾಗ ನಿಲ್ಲಂಗಿಲ್ಲ. ನೀರು ಹಚ್ರಿ. ಎಳಿ ಬಿಗಿ ಹಿಡೀರಿ. ಒತ್ತಬ್ಯಾಡ್ರಿ, ಎಳೀರಿ, ಹಿಂಗ.” ಗಾಳಿಯಲ್ಲಿ ಕೈ ಓರೆಯಾಗಿ ಎಳೆದು ತೋರಿಸಿದ.

ಮಗ ತಂಬಿಗೆಯ ನೀರು ಹಚ್ಚಿ, ಎಳೆಯನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ಅಲಗನ್ನು ಸುಮ್ಮನೆ ಎಳೆದ. ಸಪ್ಪಳವೂ ಆಗಲಿಲ್ಲ. ಕೂದಲು ಅವನ ಬೆರಳ ಸಂದಿಯಲ್ಲಿ ಉಳಿಯಿತು. ಕೂಸು ಅಳಲಿಲ್ಲ, ತಂಬಿಗೆ ಹಿಡಿಯಲು ಹೋಯಿತು.

ಬೀಗತಿ ಬಾಗಿಲಲ್ಲೇ ನಿಂತರು. ಬಂದು ಕೂದಲಿನ ತುದಿ ನೋಡಿದರು. ಅಲಗನ್ನು ಬೆಳಕಿಗೆ ಹಿಡಿದರು, ಅಂಚಿನಲ್ಲಿ ಬಿಸಿಲು ದಾಟಿ ಬಂತು. “ಯವ್ವಾ, ಕತ್ತರಿಕಿಂತ ಛಲೋ ಐತಲ್ಲ” ಎಂದು ಪಕ್ಕದ ಮನೆಯವರ ಕೈಗೆ ಕೊಟ್ಟು, “ಹೆಂಗ ಮಾಡ್ಯಾರ ನನಗೇನು ಗೊತ್ತು, ನನ್ನ ಸೊಸೀನ್ನ ಕೇಳ್ರಿ” ಎಂದರು.

ಹೆಂಗಸರು ಮಗಳ ಸುತ್ತ ಸೇರಿದರು. ನನಗೆ ಮಂಚದ ಮೇಲೆ ದಿಂಬು ಕೊಟ್ಟರು, ಒರಗಿದೆ. ಕಣ್ಣು ಎಳೆಯುತ್ತಿತ್ತು. ಮಗಳು ಹೇಳುತ್ತಿದ್ದಳು: ಕಲ್ಲು ಎಲ್ಲಿಯದು, ಏಟು ಹೇಗೆ ಬೀಳಬೇಕು, ಅಪ್ಪ ಎಷ್ಟು ತಿಂಗಳು ಕೂತ. ಅರ್ಧಕ್ಕರ್ಧ ತಪ್ಪು ಹೇಳುತ್ತಿದ್ದಳು. ತಿದ್ದಲಿಲ್ಲ. ಆ ಅಂಗಳದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಇನ್ನೂ ಕೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು.