ನನ್ನ ಹೊಟ್ಟೆ, ಓಂಕಾರನ ದನಿ

ಪುಣೆಯಲ್ಲಿ ಜನ ಬೆಳಗ್ಗೆ ಎಂಟಕ್ಕೇ ಬೆಂಕಿ ತಿನ್ನುತ್ತಾರೆ. ಸುಳ್ಳಲ್ಲ, ತಟ್ಟೆಯಲ್ಲೇ ಬರುತ್ತದೆ. ಮೊಳಕೆ ಬಂದ ಮಡಿಕೆ ಕಾಳು, ಅದರ ಮೇಲೆ ಇಟ್ಟಿಗೆ ಬಣ್ಣದ ಖಾರದ ರಸ, ಒಂದು ಹಿಡಿ ಸೇವು, ಪಕ್ಕದಲ್ಲಿ ಎರಡು ಪಾವ್ ಬನ್ನು. ಹೆಸರು ಮಿಸಳ. ಬಂದ ಮೊದಲ ದಿನ ಎರಡು ತಟ್ಟೆ ತಿಂದು ಮಗರಪಟ್ಟಾದ ಆಫೀಸಿಗೆ ಹೋದೆ. ಲಿಫ್ಟಿನಲ್ಲಿ ಏಳು ಜನರ ನಡುವೆ ನಿಂತು, ಹನ್ನೊಂದನೇ ಮಹಡಿ ಬರುವವರೆಗೆ ನಾನು ಮಾಡಿದ್ದನ್ನು ಯೋಗಿಗಳು ಕುಂಭಕ ಎನ್ನುತ್ತಾರೆ.

ಗದಗಿನ ನಮ್ಮ ಮನೆಯಲ್ಲೂ ಮಡಿಕೆ ಕಾಳು ಉಂಟು. ಆದರೆ ಅವ್ವ ರೊಟ್ಟಿಯ ಅಂಚಿಗೆ ಒಂದೇ ಚಮಚ ಪಲ್ಯ ಹಾಕಿ, ಹಿಂದೆಯೇ ಮಜ್ಜಿಗೆ ತಂದಿಡುತ್ತಾಳೆ. ಅಲ್ಲಿ ಕಾಳು ನೆಂಟ, ಇಲ್ಲಿ ಮನೆಯ ಯಜಮಾನ.

ಬಿಬವೇವಾಡಿಯಲ್ಲಿ ನನಗೆ ರೂಮು, ಊಟ ಎರಡೂ ಕೊಟ್ಟವರು ಕಾಕೂ. ಕಾಕೂ ಎಂದರೆ ಚಿಕ್ಕಮ್ಮ. ಓಣಿಗೆಲ್ಲ ಅವರು ಕಾಕೂನೇ. ಸೊಲ್ಲಾಪುರದ ಕಡೆ ಬೆಳೆದವರಾದ್ದರಿಂದ ನನ್ನೊಡನೆ ಕನ್ನಡ ಮಾತಾಡುತ್ತಿದ್ದರು. ಮೊದಲು ಅದನ್ನು ನನ್ನ ಭಾಗ್ಯ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಕನ್ನಡ ಅಂದರೆ ಬಂದವರಿಗೆ ಕೊಡುವ ಕುರ್ಚಿ. ಮುದ್ದಿನ ಮಾತೆಲ್ಲ ಮರಾಠಿಯಲ್ಲಿ, ಅದೂ ನನ್ನ ರೂಮಿನ ಜೊತೆಗಾರ ಓಂಕಾರನಿಗೆ. ಅವನು ‘ಬಾಳಾ’, ಅಂದರೆ ಮಗು. ನಾನು ‘ಗದಗಿನ ಹುಡುಗ’.

ಈ ಮಗು ಬಾರಾಮತಿಯದು, ಕಬ್ಬು ಬೆಳೆಯುವವರ ಮನೆಯದು, ತೂಕ ಎಂಬತ್ತೈದು ಕಿಲೋ. ಅವನ ಹೊಟ್ಟೆಯೂ ಒಂದು ಗಾಣವೇ: ಏನು ಹಾಕಿದರೂ ಸದ್ದಿಲ್ಲದೆ ಅರೆಯುತ್ತದೆ. ಊಟದ ಕೊನೆಗೆ ಒಂದು ದೊಡ್ಡ ತೇಗು. ನಮ್ಮಲ್ಲಿಯಂತೆ ಅಲ್ಲಿಯೂ ತೇಗು ಅಡುಗೆಯವರಿಗೆ ಸಲ್ಲುವ ಸನ್ಮಾನ. “ಪೋಟ್ ಭರಲಂ ಕಾ, ಬಾಳಾ?” ಹೊಟ್ಟೆ ತುಂಬಿತೇ ಎಂದು ಕೇಳುವಾಗ ಕಾಕೂ ಮುಖ ಅರಳುತ್ತಿತ್ತು. ಅವನ ಗಾಳಿ ಮೇಲೇರಿ ಪ್ರಶಂಸೆಯಾಗುತ್ತದೆ, ನನ್ನದು ಕೆಳಗಿಳಿದು ಅಪರಾಧವಾಗುತ್ತದೆ. ಒಂದೇ ಸೌಟಿನ ಕಾಳಿಗೆ ಎಂಥ ಪಂಕ್ತಿಭೇದ ನೋಡಿ!

ನನ್ನ ಬಳಿ ಇದ್ದ ಅಸ್ತ್ರ ಒಂದೇ, ಮಿಮಿಕ್ರಿ. ಊಟಕ್ಕೆ ಕೂತರೆ ಸಾಕು, ಸೊಸೈಟಿಯ ಸೆಕ್ರೆಟರಿ ಕೆಮ್ಮುವುದು, ನನ್ನ ಬಾಸು ಫೋನಿನಲ್ಲಿ ಮೇಲಿನವರ ಮುಂದೆ ಕರಗುವುದು, ನಾನೇ ಮರಾಠಿಯಲ್ಲಿ ಕೊತ್ತಂಬರಿ ಕೇಳಿ ಒದ್ದಾಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಒಂದು ಸಲ ‘ಬಾಳಾ’ ಎನ್ನಲಿ ಎಂಬ ಆಸೆಗೆ ನಾನು ತುತ್ತಿಗೊಂದು ದನಿ ತೆಗೆದೆ. ಅಗಿಯಲು ಪುರುಸೊತ್ತಿಲ್ಲ, ನುಂಗುವುದೇ. ಎರಡು ವಾರದಲ್ಲಿ ಹೊಟ್ಟೆ ಬಿಗಿದು ಹದ ಮಾಡಿದ ಕರಡಿ ವಾದ್ಯದಂತಾಯಿತು, ಬೆರಳು ತಾಗಿದರೆ ಸದ್ದು. ಒಂದು ಸಂಜೆ ಆಫೀಸಿನಲ್ಲಿ ಎಡ ಪಕ್ಕೆಲುಬಿನ ಕೆಳಗೆ ಚಳಕು ಹೊಡೆದಾಗ, ಹೃದಯವೇ ಕೈಕೊಟ್ಟಿತು ಎಂದುಕೊಂಡು ಅವ್ವನಿಗೆ ಹೇಳುವ ಕೊನೆಯ ಮಾತು ಯೋಚಿಸತೊಡಗಿದೆ. ಒಂದು ಸದ್ದಿನೊಂದಿಗೆ ಕಾಯಿಲೆಯೂ ಹೋಯಿತು, ಮರ್ಯಾದೆಯೂ ಹೋಯಿತು.

ಆ ವಾರದ ಭಾನುವಾರ ಮಧ್ಯಾಹ್ನ ಮೂವರೂ ನೆಲಕ್ಕೆ ಕೂತಿದ್ದೆವು. ಆ ಮನೆಯಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಶ್ಲೋಕ ಹೇಳುವ ಪದ್ಧತಿ. ಶ್ಲೋಕ ಮುಗಿದು ಕ್ಷಣಕಾಲ ಎಲ್ಲ ಸ್ತಬ್ಧವಾಗಿದ್ದಾಗ ನನ್ನ ಹೊಟ್ಟೆ ಮಾತಾಡಿತು. ಉದ್ದನೆಯ ವಾಕ್ಯ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಯಾರೂ ಇನ್ನೂ ಕಣ್ಣು ತೆರೆದಿರಲಿಲ್ಲ. ನನ್ನ ಬಾಯಿ ತಾನಾಗಿಯೇ ಓಂಕಾರನ ಗಡಸು ದನಿ ತೆಗೆದು “ಸಾರೀ, ಕಾಕೂ” ಎಂದುಬಿಟ್ಟಿತು.

ಓಂಕಾರ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಕಿವಿ ಕೆಂಪಾದವು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

ಇವತ್ತಿಗೆ ಇವನ ‘ಬಾಳಾ’ ಮುಗಿಯಿತು ಎಂದು ನಾನು ಒಳಗೊಳಗೇ ಕುಣಿದೆ. ಕಾಕೂ ಮಾತ್ರ “ಅಗೋ ಬಾಯೀ! ಪೋಟ್ ದುಖತಂಯ್ ಕಾ, ಬಾಳಾ?” ಎಂದು ಎದ್ದೇಬಿಟ್ಟರು. ಹೊಟ್ಟೆ ನೋವೇ, ಮಗುವೇ! ಅವನ ತಟ್ಟೆಯಿಂದ ಕಾಳು ಹೋಯಿತು, ತುಪ್ಪ ಸುರಿದ ಮೆತ್ತನೆಯ ಅನ್ನ ಬಂತು. ಬಿಸಿನೀರಲ್ಲಿ ಇಂಗು ಕಲಸಿ ಹೊಕ್ಕಳ ಸುತ್ತ ಹಚ್ಚಿದ್ದಾಯಿತು. ಅಂಗೈಗೆ ಕರಿಉಪ್ಪು ಬೆರೆಸಿದ ಓವಾ, ಅಂದರೆ ನಮ್ಮ ಅಜವಾನ. ಅವನ ಪಾಲಿನ ಕಾಳನ್ನು ನನ್ನ ತಟ್ಟೆಗೆ ಸುರಿದು, “ನೀ ಗಟ್ಟಿ ಇದ್ದಿ, ನೀ ತಿನ್ನು” ಎಂದರು.

ಮೂರು ದಿನ ಹೀಗೇ ನಡೆಯಿತು. ಅವನಿಗೆ ಇಲ್ಲದ ಗಾಳಿಗೆ ಉಪಚಾರ, ನನಗೆ ಇರುವ ಗಾಳಿಗೆ ಇನ್ನೊಂದು ಸೌಟು. ಆ ಇಂಗಿನ ಬಟ್ಟಲನ್ನು ನಾನು ನೋಡುತ್ತಿದ್ದ ರೀತಿಯಲ್ಲಿ ಯಾರೂ ಯಾವ ಹುಡುಗಿಯನ್ನೂ ನೋಡಿರಲಿಕ್ಕಿಲ್ಲ.

ಮೂರನೇ ದಿನ ತಟ್ಟೆಯ ಮುಂದೆ ಬಾಗಿಯೇ ಹೇಳಿದೆ. “ಕಾಕೂ, ಅವತ್ತಿಂದು ನಂದ್ರಿ.”

“ಏನು ನಿಂದು?”

“ಹೊಟ್ಟೀದು. ದನಿ ಅಷ್ಟ ಅವಂದು.”

ಕಾಕೂ ಓಂಕಾರನ ಕಡೆ ತಿರುಗಿದರು. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ, ಅವನು ತಲೆ ತಗ್ಗಿಸಿ, “ತೂಪ್ ಚಾಂಗಲಂ ಹೋತಂ” ಎಂದ. ತುಪ್ಪ ಚೆನ್ನಾಗಿತ್ತಂತೆ!

ನಾನು ನಕ್ಕೆ. ಕಾಕೂ ನಗಲಿಲ್ಲ. “ಬಾಯಾಗ ಅನ್ನ ಇಟಗೊಂಡು ಊರ ಮಂದಿ ದನಿ ಎಲ್ಲಾ ತಗದ್ರ ಗಾಳಿ ಒಳಗ ಹೋಗದ ಇರತದೇನು? ಕಾಳಿಂದು ಅರ್ಧ, ನಿನ್ನ ಬಾಯಿಂದು ಅರ್ಧ. ಹೊಟ್ಟಿ ನೋಯತದ ಅಂತ ಹೇಳಾಕ ನಿನಗ ನಿನ್ನ ದನಿ ಇರಲಿಲ್ಲೇನು?”

ಉತ್ತರ ಕೊಡಲು ಬಾಯಿ ತೆರೆದೆ.

“ಗಪ್ ಬಸ್, ಬಾಳಾ. ಅಂಗಿ ಎತ್ತು.”

ಗಪ್ ಬಸ್, ಸುಮ್ಮನೆ ಕೂರು ಎಂದರ್ಥ. ಅಂಗಿ ಎತ್ತಿದೆ. ಇಂಗು ಬೆಚ್ಚಗಿತ್ತು.

ಗೆದ್ದವನ ಗತ್ತಿನಲ್ಲಿ ಅವ್ವನಿಗೆ ಫೋನು ಮಾಡಿ ಇಡೀ ಕಥೆಯನ್ನು ಕಾಕೂ ದನಿಯಲ್ಲೇ ಹೇಳಿದೆ. ನನ್ನ ಮಿಮಿಕ್ರಿಗೆ ಅವ್ವ ನಗದೇ ಇದ್ದದ್ದು ಅದೇ ಮೊದಲು.

“ಹೊಕ್ಕಳಕ್ಕೂ ಆಕೀನ ಹಚ್ಚಿದ್ಲೇನು?”

“ಹೂಂ ಬೇ.”

“ಛಲೋ ಆತು ಬಿಡು.” ಅತ್ತ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. “ನಾ ಅಜವಾನ ಹುರದು ಕಳಸ್ತೀನಿ. ಆಕೀದು ತಿನಬ್ಯಾಡ ಅನ್ನಂಗಿಲ್ಲ ನಾ. ನಂದು ಮೊದಲ ತಿನ್ನು.”

ಆ ಹೊಟ್ಟೆಕಿಚ್ಚಿನ ದನಿ ನನಗೆ ಚೆನ್ನಾಗಿ ಗೊತ್ತು. ಎರಡು ವಾರ ನನ್ನೊಳಗೆ ಅದೇ ಮೊಳಗಿದೆ. ಆದರೆ ಅದನ್ನು ಅನುಕರಿಸಿ ತೋರಿಸಲು ಮನಸ್ಸು ಬರಲಿಲ್ಲ.

ಈಗ ನನ್ನ ಕಪಾಟಿನಲ್ಲಿ ಎರಡು ಡಬ್ಬಿಗಳಿವೆ. ಒಂದರಲ್ಲಿ ಓವಾ, ಇನ್ನೊಂದರಲ್ಲಿ ಅಜವಾನ. ಕಾಳು ಒಂದೇ. ಓಂಕಾರ ಎರಡರಲ್ಲೂ ಕೈ ಹಾಕುತ್ತಾನೆ. ಯಾವುದರಿಂದ ಆರಾಮಾಯಿತು ಎಂದು ಅಡುಗೆಮನೆಯಿಂದ ಕಾಕೂ ಕೇಳುತ್ತಾರೆ, ಫೋನಿನಲ್ಲಿ ಅವ್ವ ಕೇಳುತ್ತಾಳೆ. ಇಬ್ಬರಿಗೂ “ನಿಮ್ಮದರಿಂದಲೇ” ಎನ್ನುತ್ತೇನೆ, ಇಬ್ಬರಿಗೂ ನನ್ನ ದನಿಯಲ್ಲೇ.